ಮೊದಲು ನಗಿಸಿ, ಆಮೇಲೆ ಹಚ್ಚಿಸಿ

ಗಂಡಸರ ಕ್ರೀಮು, ಫೇಸ್‌ವಾಶ್‌ಗಳಿಗೆ ಜಾಹೀರಾತು ಬರೆಯುವವರಿಗೆ ಕೆಲವು ಸೂತ್ರಗಳು.

1. ಗಂಡನಿಗೆ ಹೇಳಬೇಕಾದ್ದನ್ನು ಹೆಂಡತಿಗೆ ಹೇಳಿ. ಅಮೆರಿಕದಲ್ಲಿ ಓಲ್ಡ್ ಸ್ಪೈಸ್ ಎಂದರೆ ಅಜ್ಜಂದಿರ ಬ್ರ್ಯಾಂಡು ಎಂದಾಗಿಹೋಗಿತ್ತು. 2010ರಲ್ಲಿ ಅದರ ಬಾಡಿ ವಾಶ್ ಮಾರಲು ವೈಡನ್ ಪ್ಲಸ್ ಕೆನಡಿ ಏಜೆನ್ಸಿ ಗಂಡಸರನ್ನು ಬಿಟ್ಟು ನೇರವಾಗಿ ಹೆಂಗಸರನ್ನೇ ಮಾತಾಡಿಸಿತು. ಟವೆಲ್ ಸುತ್ತಿಕೊಂಡ ನಟ ಇಸಾಯಾ ಮುಸ್ತಫಾ ಬಚ್ಚಲುಮನೆಯಲ್ಲಿ ಮಾತು ಶುರುಮಾಡುತ್ತಾರೆ. ಅರ್ಧ ನಿಮಿಷದೊಳಗೆ ದೋಣಿ ಬಂದು ಹೋಗಿ, ಅವರು ಕುದುರೆ ಮೇಲಿರುತ್ತಾರೆ. ದನಿಯಲ್ಲಿ ಮಾತ್ರ ಮಹಾರಾಜನ ಗತ್ತು. ‘ಹೆಂಗಸರ ಸೋಪಿನ ವಾಸನೆ ಬರ್ತಿದೆಯಲ್ಲಯ್ಯಾ’ ಎಂದು ಗಂಡಸಿಗೇ ಅಂದಿದ್ದರೆ ಸಿಟ್ಟು ಬರುತ್ತಿತ್ತು. ಅದನ್ನೇ ಹೆಂಡತಿಗೆ ಹೇಳುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ನಗು ಬರುತ್ತದೆ.

2. ಜಂಭವನ್ನು ಗೇಲಿ ಮಾಡಿ, ಬಣ್ಣವನ್ನಲ್ಲ. 2005ರಲ್ಲಿ ಬಂದ ಇಮಾಮಿಯ ಫೇರ್ ಆ್ಯಂಡ್ ಹ್ಯಾಂಡ್ಸಮ್, ಹೆಂಗಸರ ಕ್ರೀಮನ್ನು ಕದ್ದು ಹಚ್ಚಿಕೊಳ್ಳುವ ಗಂಡಸನ್ನು ಹಿಡಿದು ಹಾಸ್ಯ ಮಾಡಿತು. ಕದಿಯುವುದೇನೋ ನಿಜ, ಯಾವ ಮನೆಯಲ್ಲಿಲ್ಲ ಹೇಳಿ! ಆದರೆ ಮಾರಿದ್ದು ಬೆಳ್ಳಗಾಗುವ ಆಸೆಯನ್ನು. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಂಡಳಿ ಎಎಸ್‌ಸಿಐ 2014ರಲ್ಲಿ ನಿಯಮವನ್ನೇ ತಂದಿದೆ. ನಿಯಮವಿಲ್ಲದಿದ್ದರೂ ಅದು ಕೆಟ್ಟ ಹಾಸ್ಯವೇ.

3. ಕಥೆ ಎಷ್ಟಾದರೂ ಸುಳ್ಳಿರಲಿ, ಸರಕಿನ ಬಗ್ಗೆ ಸುಳ್ಳು ಬೇಡ. 2024ರಲ್ಲಿ ಅಮೆರಿಕದ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ವೇಳೆ ಬಂದ ಜಾಹೀರಾತಿನಲ್ಲಿ ನಟ ಮೈಕೆಲ್ ಸೆರಾ, ಹೆಸರು ಹೊಂದುತ್ತದೆಂಬ ಒಂದೇ ಆಧಾರದ ಮೇಲೆ, ಸೆರಾವೆ ಕ್ರೀಮು ತನ್ನದೇ ಎನ್ನುತ್ತಾನೆ. ಚರ್ಮವೈದ್ಯರು ಒಪ್ಪುವುದಿಲ್ಲ. ನಗು ಮುಗಿಯುವ ಹೊತ್ತಿಗೆ, ಇದರ ಹಿಂದೆ ಇರುವವರು ವೈದ್ಯರು ಎಂಬ ಮಾತು ತಲೆಯಲ್ಲಿ ಕೂತಿರುತ್ತದೆ.

4. ಹೀರೋ ಕೈಗೆಟುಕದಿದ್ದರೆ ನೀವೇ ನಿಲ್ಲಿ. 2012ರಲ್ಲಿ ಡಾಲರ್ ಶೇವ್ ಕ್ಲಬ್ ಕಂಪನಿಯ ಸಹಸಂಸ್ಥಾಪಕ ಮೈಕೆಲ್ ಡುಬಿನ್ ತನ್ನ ಗೋದಾಮಿನಲ್ಲೇ ಓಡಾಡುತ್ತ ಬ್ಲೇಡು ಮಾರಿದ. ತಿಂಗಳಿಗೆ ಒಂದು ಡಾಲರ್ ಎಂಬ ಬೆಲೆಯನ್ನು ಶುರುವಿನಲ್ಲೇ ಹೇಳಿಬಿಟ್ಟ. 2016ರಲ್ಲಿ ಆ ಕಂಪನಿಯನ್ನು ಯೂನಿಲಿವರ್ ಕೊಂಡುಕೊಂಡಿತು.

5. ಕನ್ನಡದ ಜಾಹೀರಾತಾದರೆ ಕಟಿಂಗ್ ಶಾಪ್‌ಗೆ ಬನ್ನಿ. ಗಂಡಸು ನಾಚಿಕೆಯಿಲ್ಲದೆ ಇನ್ನೊಬ್ಬರ ಕೈಗೆ ಮುಖ ಒಪ್ಪಿಸುವ ಜಾಗ ಅದೊಂದೇ. ಶೇವಿಂಗ್ ಮುಗಿದು ಪಟಿಕದ ಕಲ್ಲು ಉಜ್ಜುವಾಗ ಹಲ್ಲು ಕಚ್ಚಿ ಕೂತಿರುತ್ತಾನೆ. ‘ಕ್ರೀಮ್ ಹಚ್ಲಾ ಅಣ್ಣಾ?’ ‘ಅಯ್ಯೋ, ನಂಗ್ಯಾಕಪ್ಪಾ ಅವೆಲ್ಲ!’ ಬಾಯಿ ಹಾಗೆಂದರೂ ಕೆನ್ನೆ ಮಾತ್ರ ಮುಂದಕ್ಕೆ ಬಂದಿರುತ್ತದೆ. ಕ್ಯಾಮೆರಾ ಇಡಬೇಕಾದ್ದು ಆ ಕೆನ್ನೆಯ ಮೇಲೆ.

6. ನಕ್ಕಾದ ಮೇಲೆ ಒಂದೇ ಕೆಲಸ ಹೇಳಿ. ಹತ್ತು ಹಂತದ ಆರೈಕೆ ಎಂದರೆ ಆಸಾಮಿ ಎದ್ದು ಹೋಗುತ್ತಾನೆ. ಬೈಕಿನವನಿಗಾದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು: ಮುಖ, ಕತ್ತಿಗೆ ಎರಡು ಬೆರಳುದ್ದ, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಆ ಎರಡು ಬೆರಳನ್ನು ತೆರೆಯ ಮೇಲೆ ದೊಡ್ಡದಾಗಿ ತೋರಿಸಿ, ಪಕ್ಕದಲ್ಲೇ ಬೆಲೆ ಹಾಕಿ.