ಡಾಕರ್ ವಾಲ್ಯೂಮ್: ಬ್ಯಾಕಪ್ ತೆಗೆಯುವುದು, ಮರಳಿ ತುಂಬುವುದು

ಕಂಟೇನರ್ ಅಳಿಸಿದರೂ ವಾಲ್ಯೂಮ್ ಉಳಿಯುತ್ತದಲ್ಲ ಎಂಬ ಧೈರ್ಯದಲ್ಲಿ ಬಹಳ ಮಂದಿ ಬ್ಯಾಕಪ್ ಮುಂದೂಡುತ್ತಾರೆ. ‘ಡಾಕರ್ ಕಂಪೋಸ್ ಡೌನ್’ ಜೊತೆ ಒಂದು ‘-ವಿ’ ಸೇರಿದರೆ ಆ ಧೈರ್ಯಕ್ಕೆ ಅರ್ಥವಿಲ್ಲ. ಒಂದು ಮಾತೂ ಕೇಳದೆ ವಾಲ್ಯೂಮ್ ಅಳಿಸಿಬಿಡುತ್ತದೆ. ‘ಡಾಕರ್ ಕಮಿಟ್’ ಮಾಡಿಟ್ಟ ಇಮೇಜ್‌ನಲ್ಲೂ ವಾಲ್ಯೂಮಿನ ಡೇಟಾ ಇರುವುದಿಲ್ಲ. ಲಿನಕ್ಸ್ ಸರ್ವರ್ ಮೇಲಿನ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. (ಇಲ್ಲಿನ ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಹಂತ 1: ‘ಡಾಕರ್ ವಾಲ್ಯೂಮ್ ಎಲ್‌ಎಸ್’ ಕೊಟ್ಟು ಪೂರ್ತಿ ಹೆಸರು ನೋಡಿಕೊಳ್ಳಿ. ಕಂಪೋಸ್ ಬಳಸಿದ್ದರೆ ‘ಪಿಜಿಡೇಟಾ’ ಎಂದು ನೀವಿಟ್ಟ ಹೆಸರಿನ ಮುಂದೆ ಸಾಮಾನ್ಯವಾಗಿ ಪ್ರಾಜೆಕ್ಟ್ ಹೆಸರೂ ಅಂಟಿಕೊಂಡಿರುತ್ತದೆ. ಇದನ್ನು ಹಗುರವಾಗಿ ನೋಡಬೇಡಿ. ಮುಂದಿನ ಹಂತಗಳಲ್ಲಿ ಒಂದಕ್ಷರ ತಪ್ಪಿದರೂ ಡಾಕರ್ ತಕರಾರು ಮಾಡುವುದಿಲ್ಲ. ತಪ್ಪು ಹೆಸರಲ್ಲೇ ಹೊಸ ಖಾಲಿ ವಾಲ್ಯೂಮ್ ಹುಟ್ಟಿಸುತ್ತದೆ, ನೀವು ಆ ಖಾಲಿಯನ್ನೇ ಜೋಪಾನವಾಗಿ ಬ್ಯಾಕಪ್ ಮಾಡುತ್ತೀರಿ.

ಹಂತ 2: ‘ಡಾಕರ್ ಸ್ಟಾಪ್’ನಿಂದ ಡೇಟಾಬೇಸ್ ನಿಲ್ಲಿಸಿ. ಡಾಕರ್ ಸಾಮಾನ್ಯವಾಗಿ 10 ಸೆಕೆಂಡ್ ಕಾದು, ಆಮೇಲೆ ಬಲವಂತವಾಗಿ ಮುಗಿಸುತ್ತದೆ. ಡೇಟಾಬೇಸ್ ದೊಡ್ಡದಾದರೆ ‘-ಟಿ’ ಕೊಟ್ಟು ಕಾಲಾವಕಾಶ ಹೆಚ್ಚಿಸಿ. ನಿಲ್ಲಿಸಲು ಸಾಧ್ಯವೇ ಇಲ್ಲವೆಂದರೆ ಈ ದಾರಿ ಬಿಟ್ಟು ‘ಪಿಜಿ_ಡಂಪ್’ ಬಳಸಿ.

ಹಂತ 3: ಆಲ್ಪೈನ್ ಇಮೇಜ್‌ನ ತಾತ್ಕಾಲಿಕ ಕಂಟೇನರ್ ಒಂದನ್ನು ‘ಡಾಕರ್ ರನ್ --ಆರ್‌ಎಂ’ನಿಂದ ಓಡಿಸಿ. ಅದಕ್ಕೆ ಎರಡು ‘-ವಿ’ ಬೇಕು: ಒಂದರಲ್ಲಿ ವಾಲ್ಯೂಮ್ ಅನ್ನು ‘/ಡೇಟಾ’ಗೆ ಜೋಡಿಸಿ ಕೊನೆಗೆ ‘:ಆರ್‌ಒ’ ಹಾಕಿ, ಆಗ ಓದಲಷ್ಟೇ ಸಾಧ್ಯ, ಇನ್ನೊಂದರಲ್ಲಿ ನಿಮ್ಮ ಬ್ಯಾಕಪ್ ಫೋಲ್ಡರ್ ಅನ್ನು ‘/ಬ್ಯಾಕಪ್’ಗೆ ಜೋಡಿಸಿ. ಒಳಗೆ ನಡೆಯಬೇಕಾದ ಕೆಲಸ ‘ಟಾರ್ ಸಿಝಡ್‌ಎಫ್’. ಫೈಲಿನ ಹೆಸರಿನಲ್ಲಿ ತಾರೀಖೂ ಪೋಸ್ಟ್‌ಗ್ರೆಸ್ ಆವೃತ್ತಿಯೂ ಇರಲಿ.

ಹಂತ 4: ‘ಟಾರ್ ಟಿಝಡ್‌ಎಫ್’ ಕೊಟ್ಟು ಪಟ್ಟಿ ನೋಡಿ. ‘ಪಿಜಿ_ವರ್ಷನ್’ ಎಂಬ ಪುಟ್ಟ ಫೈಲ್ ಅದರಲ್ಲಿ ಕಾಣಬೇಕು. ಕಂಡರೆ ಡೇಟಾಬೇಸ್ ಮತ್ತೆ ಶುರು ಮಾಡಿ, ಬ್ಯಾಕಪ್ಪಿನ ಒಂದು ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸಿ.

ಹಂತ 5: ಮರಳಿ ತುಂಬುವಾಗ ಹಳೆಯ ವಾಲ್ಯೂಮಿನ ಮೇಲೆಯೇ ಬಿಚ್ಚಬೇಡಿ. ಟಾರ್ ಈಗಾಗಲೇ ಇರುವ ಫೈಲುಗಳನ್ನು ತೆಗೆದುಹಾಕುವುದಿಲ್ಲ, ಹೊಸದೂ ಹಳೆಯದೂ ಬೆರೆತುಹೋಗುತ್ತವೆ. ‘ಡಾಕರ್ ವಾಲ್ಯೂಮ್ ಕ್ರಿಯೇಟ್’ನಿಂದ ಹೊಸದೊಂದು ಮಾಡಿ, 3ನೇ ಹಂತದಂತೆಯೇ ಜೋಡಿಸಿ. ಈ ಬಾರಿ ‘:ಆರ್‌ಒ’ ಬೇಡ. ‘ಟಾರ್ ಎಕ್ಸ್‌ಝಡ್‌ಎಫ್’ನಿಂದ ಬಿಚ್ಚಿ. ನಂತರ ಅದೇ ಮುಖ್ಯ ಆವೃತ್ತಿಯ ಪೋಸ್ಟ್‌ಗ್ರೆಸ್ ಅನ್ನು ಈ ವಾಲ್ಯೂಮ್ ಮೇಲೆ ಓಡಿಸಿ. 15ರ ಡೇಟಾವನ್ನು 16 ನೇರವಾಗಿ ಒಪ್ಪುವುದಿಲ್ಲ. ಟೇಬಲ್ ಒಂದನ್ನು ತೆರೆದು ಸಾಲುಗಳನ್ನು ಕಣ್ಣಾರೆ ನೋಡಿ. ಲಾಗಿನ್ ಆಗದಿದ್ದರೆ ಗಾಬರಿ ಬೇಡ: ವಾಲ್ಯೂಮಿನಲ್ಲಿ ಡೇಟಾ ಮೊದಲೇ ಇದ್ದರೆ ಎನ್ವಿರಾನ್‌ಮೆಂಟ್‌ನಲ್ಲಿ ಕೊಟ್ಟ ಹೊಸ ಪಾಸ್‌ವರ್ಡ್ ಲೆಕ್ಕಕ್ಕಿಲ್ಲ, ಬ್ಯಾಕಪ್ ತೆಗೆದಾಗ ಇದ್ದದ್ದೇ ನಡೆಯುತ್ತದೆ.