ಕಥೆಯಿಂದ ಓದಿನೆಡೆಗೆ

ಹಳೇಬೀಡಿನ ಸೋದರಿಯವರೇ,

ಐದು ವರ್ಷದ ಮಗನು ಪುಸ್ತಕ ತೆರೆದೊಡನೆ ಎದ್ದೋಡುವನೆಂದು ತಾವು ವ್ಯಥೆಪಟ್ಟು ಬರೆದಿರುವಿರಿ. ಆದರೆ ಅಕ್ಷರಜ್ಞಾನಕ್ಕಿಂತ ಮುಂಚೆಯೇ ಕಥಾಶ್ರವಣದ ಆನಂದವು ಮಗುವಿನ ಮನಸ್ಸಿನಲ್ಲಿ ನೆಲೆಗೊಳ್ಳಬೇಕಾದುದರಿಂದ, ಸದ್ಯಕ್ಕೆ ಓದಿಸುವ ಆತುರವನ್ನು ಬಿಟ್ಟು, ಓದಿ ಹೇಳುವ ಅಭ್ಯಾಸವನ್ನು ಕೈಗೊಳ್ಳಿರಿ.

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವು ದೊರೆತಿದೆ; ಆ ವಯಸ್ಸು ತುಂಬುವವರೆಗೆ ಕಾಯದೆ, ಮೇಲ್ವಿಚಾರಕರ ಅನುಮತಿ ಪಡೆದು, ವಾರಕ್ಕೊಮ್ಮೆ ನೆರೆಹೊರೆಯ ಮಕ್ಕಳನ್ನೂ ಕೂಡಿಸಿ ಅಲ್ಲಿಯೇ ಕಥೆ ಹೇಳಿರಿ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬಂತಹ, ಪ್ರಶ್ನೆಯಿಂದ ಪ್ರಶ್ನೆಗೆ ಸಾಗುವ ಕಥೆಯನ್ನು ಆರಿಸಿಕೊಂಡರೆ, ಮುಂದಿನ ಮಾತನ್ನು ಮಕ್ಕಳು ತಾವೇ ನುಡಿಯುವರು. ಆಗ ಪುಟವನ್ನು ಅವರತ್ತ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಾಡಿಸಿರಿ.

ಹೊಯ್ಸಳೇಶ್ವರ ದೇವಾಲಯವು ತಮ್ಮೂರಿನಲ್ಲಿಯೇ ಇರುವುದು ಮಹದ್ಭಾಗ್ಯ. ಆನೆಗಳ ಸಾಲಿಗಿಂತ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳನ್ನು ಶಿಲ್ಪಿಗಳು ಪಟ್ಟಿಕೆಯಾಗಿ ಕಡೆದಿರುವುದರಿಂದ, ಒಂದು ಪ್ರಸಂಗವನ್ನು ಗ್ರಂಥಾಲಯದಲ್ಲಿ ಹೇಳಿ, ಮರುದಿನ ಅದನ್ನೇ ಗೋಡೆಯ ಮೇಲೆ ಹುಡುಕಿಸಿ, ಮನೆಗೆ ಬಂದು ಪುಸ್ತಕದಲ್ಲಿ ತೋರಿಸಿರಿ.

ಎಷ್ಟು ನೆನಪಿದೆಯೆಂದು ಮಾತ್ರ ಪರೀಕ್ಷಿಸಬೇಡಿರಿ; ಅದೇ ಕಥೆಯನ್ನು ಮತ್ತೆ ಬೇಡಿದರೆ ಬೇಸರಿಸದೆ ಹೇಳಿರಿ, ಏಕೆಂದರೆ ಪುನರಾವೃತ್ತಿಯಿಂದ ಮಗುವಿನ ಪದಸಂಪತ್ತು ವೃದ್ಧಿಸುವುದು.