ಬಣ್ಣದ ಮೀನಿಗೆ ಸಮುದ್ರ ಪಾಚಿ: ಪಾಠದ ಅವಧಿಯಲ್ಲಿ ಮುಗಿಯದ ಪ್ರಯೋಗವನ್ನು ಕಲಿಸುವ ಬಗೆ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಆಹಾರ ಸಂಪನ್ಮೂಲಗಳ ಸುಧಾರಣೆ
ಅವಧಿ: 40 ನಿಮಿಷಗಳ 2 ಪಾಠ, ಬಳಿಕ 6 ವಾರಗಳ ವೀಕ್ಷಣೆ

ಈ ಘಟಕದಲ್ಲಿ ಮೀನು ಸಾಕಣೆ ಬರುತ್ತದೆ. ಹೊರ್ತಿ ಭಾಗದ ಪ್ರೌಢಶಾಲೆಗೆ ಪಾಠಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗೆ ಇಲ್ಲಿ ಎರಡು ತೊಡಕುಗಳಿವೆ. ಸಮುದ್ರ ನೂರಾರು ಕಿ.ಮೀ. ದೂರ, ಹೆಚ್ಚಿನ ಮಕ್ಕಳು ಸಮುದ್ರ ಪಾಚಿಯನ್ನು ಕಂಡವರಲ್ಲ. ಮೀನಿನ ಬಣ್ಣ ಬದಲಾಗಲು ವಾರಗಳೇ ಬೇಕು. ಪಾಠ ಮುಗಿಯುವುದು 40 ನಿಮಿಷದಲ್ಲಿ. ಆದ್ದರಿಂದ ಫಲಿತಾಂಶವನ್ನು ಮೊದಲೇ ಹಲಗೆಯ ಮೇಲೆ ಬರೆದುಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಮಕ್ಕಳು ಉತ್ತರವನ್ನು ನಕಲು ಮಾಡುತ್ತಾರೆಯೇ ಹೊರತು ಪ್ರಯೋಗ ಮಾಡುವುದನ್ನು ಕಲಿಯುವುದಿಲ್ಲ.

ಪೂರ್ವಜ್ಞಾನದ ಪರಿಶೀಲನೆ

ಶಿಕ್ಷಕ: ಲಿಂಬೆ, ದ್ರಾಕ್ಷಿ ತೋಟಕ್ಕೆ ಗೊಬ್ಬರ, ಔಷಧಿ ಬಿಟ್ಟು ಇನ್ನೇನು ಸಿಂಪಡಿಸುತ್ತಾರೆ?
ನಿರೀಕ್ಷಿತ ಉತ್ತರ: ಟಾನಿಕ್ ಹೊಡಿತಾರ್ರಿ ಸರ್.

ಇಫ್ಕೋ ಸಂಸ್ಥೆಯ 'ಸಾಗರಿಕಾ' ಅಂಥದೊಂದು ದ್ರಾವಣ. ಅದನ್ನು ಕೆಂಪು ಮತ್ತು ಕಂದು ಸಮುದ್ರ ಪಾಚಿಗಳಿಂದ ತಯಾರಿಸುತ್ತಾರೆ. ಖಾಲಿ ಬಾಟಲಿಯ ಚೀಟಿಯನ್ನು ಮಕ್ಕಳಿಂದಲೇ ಓದಿಸಿ. ಕಡಲು ಕಾಣದ ಊರಿಗೆ ಕಡಲಿನ ಪಾಚಿ ಆಗಲೇ ಬಂದಿದೆ ಎಂಬುದು ಅವರಿಗೆ ತಿಳಿಯುತ್ತದೆ. ಮುಂದೆ ನಕಾಶೆಯಲ್ಲಿ ಕಾರವಾರವನ್ನೂ, ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ಬಿದಿರಿನ ತೆಪ್ಪಗಳಲ್ಲಿ ಬೆಳೆಸುವ ತಮಿಳುನಾಡಿನ ರಾಮನಾಥಪುರದ ಕರಾವಳಿಯನ್ನೂ ತೋರಿಸಿ. ಬಣ್ಣದ ಮೀನಿಗೆ ಗಪ್ಪಿಯ ಉದಾಹರಣೆ ಸಾಕು: ಸೊಳ್ಳೆ ಮರಿ ತಿನ್ನಲೆಂದು ನೀರಿನ ತೊಟ್ಟಿಗೆ ಬಿಡುವ ಈ ಮೀನು ಅಕ್ವೇರಿಯಮ್ಮಿನ ಮೀನೂ ಹೌದು.

ವಿಷಯ ಬೆಳವಣಿಗೆ

1. ಗೋಲ್ಡ್‌ಫಿಶ್‌ನ ಕೆಂಪು-ಕಿತ್ತಳೆ ಬಣ್ಣಕ್ಕೆ ಕ್ಯಾರೊಟಿನಾಯ್ಡ್‌ಗಳು ಕಾರಣ. ಮೀನು ಇವನ್ನು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಸಿಕ್ಕ ಜಿಯಾಕ್ಸಾಂಥಿನ್ ಅನ್ನು ಅಸ್ಟಾಕ್ಸಾಂಥಿನ್ ಆಗಿ ಪರಿವರ್ತಿಸಿಕೊಳ್ಳುವ ಶಕ್ತಿ ಗೋಲ್ಡ್‌ಫಿಶ್‌ಗೆ ಇದೆ.

2. ಸಮುದ್ರ ಪಾಚಿಗಳಲ್ಲಿ ಕ್ಯಾರೊಟಿನಾಯ್ಡ್‌ಗಳ ಜೊತೆಗೆ ಖನಿಜಗಳು ಹಾಗೂ ಅಗರ್, ಆಲ್ಜಿನೇಟ್, ಕ್ಯಾರಗೀನನ್‌ನಂಥ ಅಂಟು ಪದಾರ್ಥಗಳಿವೆ. ಈ ಅಂಟು ಆಹಾರದ ಗುಳಿಗೆ ನೀರಿನಲ್ಲಿ ಬೇಗ ಕರಗದಂತೆ ಹಿಡಿದಿಡುತ್ತದೆ.

3. ಪಾಚಿ ಇಲ್ಲಿ ಪೂರಕ, ಊಟವಲ್ಲ. ಚಟ್ನಿಪುಡಿ ರೊಟ್ಟಿಯ ಜೊತೆಗೇ ಹೊರತು ರೊಟ್ಟಿಯ ಬದಲಿಗಲ್ಲ. ಪ್ರಮಾಣ ಹೆಚ್ಚಾದರೆ ಜೀರ್ಣವಾಗದ ಅಂಶ ಹೆಚ್ಚಿ ಬೆಳವಣಿಗೆ ಕುಂದಬಹುದು.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿರೀಕ್ಷಿಸಿ: "ಕೆಂಪು ಪಾಚಿ ತಿಂದ್ರ ಮೀನು ಕೆಂಪಾಗ್ತದ್ರಿ." ಕೆಂಪು ಪಾಚಿಯ ಕೆಂಪಿಗೆ ಮುಖ್ಯ ಕಾರಣ ಫೈಕೊಎರಿಥ್ರಿನ್ ಎಂಬ ಪ್ರೋಟೀನು. ಅದು ಕ್ಯಾರೊಟಿನಾಯ್ಡ್ ಅಲ್ಲ. ಹಸಿರು ಪಾಲಕ್ ಸೊಪ್ಪಿನಲ್ಲೂ ಕ್ಯಾರೊಟಿನಾಯ್ಡ್ ಇದೆ, ಹಸಿರು ಅದನ್ನು ಮರೆಮಾಡಿರುತ್ತದೆ ಎಂಬ ಉದಾಹರಣೆಯಿಂದ ಇದನ್ನು ಬಿಡಿಸಿ.

ಪ್ರಯೋಗದ ಏರ್ಪಾಡು

ಪ್ರಶ್ನೆ: ಆಹಾರಕ್ಕೆ ಪಾಚಿ ಪುಡಿ ಬೆರೆಸಿದರೆ ಗೋಲ್ಡ್‌ಫಿಶ್‌ನ ಬಣ್ಣ ಬದಲಾಗುತ್ತದೆಯೇ?

ಒಂದೇ ಬಣ್ಣದ, ಒಂದೇ ಅಳತೆಯ ಎರಡು ತೊಟ್ಟಿಗಳಿರಲಿ. ಹಿನ್ನೆಲೆಯ ಬಣ್ಣಕ್ಕೆ ತಕ್ಕಂತೆಯೂ ಮೀನಿನ ಬಣ್ಣ ಬದಲಾಗಬಹುದಾದ್ದರಿಂದ ಇದು ಮುಖ್ಯ. ಬೆಳಕು, ನೀರು, ಮೀನುಗಳ ಸಂಖ್ಯೆ ಮತ್ತು ಗಾತ್ರ ಸಮನಾಗಿರಲಿ.

ತೊಟ್ಟಿ ಅ: ಪುಡಿ ಮಾಡಿದ ಮೀನಿನ ಆಹಾರ 95 ಗ್ರಾಂ, ಗೋಧಿ ಹಿಟ್ಟು 5 ಗ್ರಾಂ.
ತೊಟ್ಟಿ ಆ: ಅದೇ ಆಹಾರ 95 ಗ್ರಾಂ, ಪಾಚಿ ಪುಡಿ 5 ಗ್ರಾಂ.

ಎರಡನ್ನೂ ಅಷ್ಟೇ ಪ್ರಮಾಣದ ಮೈದಾ ಗಂಜಿಯಲ್ಲಿ ಕಲಸಿ ಒಣಗಿಸಿ. ಗಂಜಿಯ ಬದಲು ಅಗರ್ ಬಳಸಬಾರದು ಏಕೆ ಎಂದು ಕೇಳಿ. ಅಗರ್ ಕೂಡ ಸಮುದ್ರ ಪಾಚಿಯದೇ ಎಂದು ಮಗು ಹೇಳಿದರೆ ನಿಯಂತ್ರಣ ತೊಟ್ಟಿಯ ಅರ್ಥ ಅದಕ್ಕೆ ಆಗಿದೆ.

ದಿನಕ್ಕೆ 2 ಸಲ, ಎರಡು-ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದ ಆಹಾರ ಕೊಳೆತರೆ ಅಮೋನಿಯಾ ಹೆಚ್ಚಿ ಮೀನು ಸಾಯಬಹುದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ.

ಎಚ್ಚರಿಕೆ: ತೋಟಕ್ಕೆ ಸಿಂಪಡಿಸುವ ಪಾಚಿ ದ್ರಾವಣವನ್ನು ತೊಟ್ಟಿಗೆ ಹಾಕಲೇಬಾರದು, ಅದು ಬೆಳೆಗೆ ತಯಾರಾದದ್ದು. ತಿನ್ನಲು ಯೋಗ್ಯವಾದ ಒಣ ಪಾಚಿಯನ್ನೇ, ತೊಳೆದು ಉಪ್ಪು ತೆಗೆದು ಒಣಗಿಸಿ ಪುಡಿ ಮಾಡಿ ಬಳಸಿ. ಮೀನು ಮಂಕಾದರೆ ಪ್ರಯೋಗ ನಿಲ್ಲಿಸಿ. ಜೀವಿಯ ಆರೈಕೆಗಿಂತ ಪ್ರಯೋಗ ದೊಡ್ಡದಲ್ಲ.

ವೀಕ್ಷಣೆ ಮತ್ತು ದಾಖಲೆ

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಬಿಳಿ ರಟ್ಟು ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ. ಯಾವ ತೊಟ್ಟಿಗೆ ಯಾವ ಆಹಾರ ಎಂದು ತಿಳಿಯದ 8ನೇ ತರಗತಿಯ ಮಕ್ಕಳಿಂದ 1ರಿಂದ 5ರವರೆಗೆ ಅಂಕ ಕೊಡಿಸಿ. ಆಹಾರ ಹಾಕಿದವರೇ ಅಂಕ ಕೊಟ್ಟರೆ ಕಣ್ಣು ಮನಸ್ಸಿನ ಮಾತು ಕೇಳುತ್ತದೆ.

ವ್ಯತ್ಯಾಸ ಕಾಣದೆಯೂ ಇರಬಹುದು. ಪಾಚಿಯ ಜಾತಿ, ಒಣಗಿಸಿದ ರೀತಿ, ಬಿಸಿಲಿಗೆ ಬಣ್ಣ ಕೆಟ್ಟದ್ದು, ಪ್ರಮಾಣ ಇವೆಲ್ಲ ಕಾರಣವಾಗಬಲ್ಲವು. 'ವ್ಯತ್ಯಾಸ ಕಾಣಲಿಲ್ಲ' ಎಂಬುದೂ ಪೂರ್ಣ ಅಂಕದ ಉತ್ತರವೇ.

ಮೌಲ್ಯಮಾಪನ

1. ತೊಟ್ಟಿ ಅ ಇಲ್ಲದಿದ್ದರೆ ನಾವು ಯಾವ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು?
2. ತೊಟ್ಟಿ ಅ ಗೆ 5 ಗ್ರಾಂ ಗೋಧಿ ಹಿಟ್ಟು ಏಕೆ ಸೇರಿಸಿದೆವು?
3. 'ನೈಸರ್ಗಿಕ, ಆದ್ದರಿಂದ ಎಷ್ಟು ಹಾಕಿದರೂ ಒಳ್ಳೆಯದು' ಎಂಬ ಜಾಹೀರಾತಿಗೆ ನಿಮ್ಮ ಉತ್ತರವೇನು?

ಮಾರ್ಗದರ್ಶಕರಿಗೆ

ಪಾಠಾಭ್ಯಾಸ ಮುಗಿಸಿ ಪ್ರಶಿಕ್ಷಣಾರ್ಥಿ ಹೊರಟಾಗ ಪ್ರಯೋಗ ಅರ್ಧದಲ್ಲಿರಬಹುದು. ತೊಟ್ಟಿ, ಆಹಾರ ಮತ್ತು ವೀಕ್ಷಣಾ ಪುಸ್ತಕವನ್ನು ವಿಷಯ ಶಿಕ್ಷಕರಿಗೆ, ಪಾಳಿ ಪಟ್ಟಿಯನ್ನು ಮಕ್ಕಳಿಗೆ ಒಪ್ಪಿಸುವುದು ಪಾಠಯೋಜನೆಯ ಕೊನೆಯ ಹಂತವಾಗಿರಲಿ. ಅವಲೋಕನ ಮಾಡುವಾಗ ಮೀನಿನ ಬಣ್ಣವನ್ನಲ್ಲ, ಹಲಗೆಯನ್ನು ನೋಡಿ: 'ಫಲಿತಾಂಶ' ಎಂಬ ಕಾಲಂ ಖಾಲಿ ಇದ್ದು, ಮಕ್ಕಳ ಊಹೆಗಳು ಅವರದೇ ಮಾತಿನಲ್ಲಿ ಇದ್ದರೆ ಪಾಠ ಸರಿಯಾಗಿ ಸಾಗಿದೆ.